ಹಳೇ ಕಂಪ್ಯೂಟರ್ ಇಟ್ಕೊಳ್ಳೋದಾ, ಬದಲಾಯಿಸೋದಾ: ನನ್ನ ಅನುಭವ

2014ರಲ್ಲಿ ಬಿಡಿಭಾಗಗಳನ್ನು ತಂದು, ಒಂದು ಭಾನುವಾರ ಪೂರ್ತಿ ನೆಲದ ಮೇಲೆ ಕೂತು ಜೋಡಿಸಿದ ಕಂಪ್ಯೂಟರ್ ನನ್ನದು. ಇಂಟೆಲ್ ಐ5-4460 ಪ್ರೊಸೆಸರ್, ಬಿ85 ಚಿಪ್‌ಸೆಟ್‌ನ ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್. ಆಗ ಚುರುಕಾಗಿಯೇ ಇತ್ತು. 2022ರ ಹೊತ್ತಿಗೆ ಪವರ್ ಬಟನ್ ಒತ್ತಿ, ಮುಖ ತೊಳೆದು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು.

"ಲೋ, ಎಂಟು ವರ್ಷ ಆಯ್ತಲ್ಲೋ, ಇನ್ನೂ ಎಷ್ಟು ಹಿಂಡ್ತೀಯ ಅದನ್ನ? ಹೊಸದು ಜೋಡಿಸ್ಕೋ" ಅಂದ ಗೆಳೆಯ. ಮಗಳದ್ದು ಬೇರೆ ರಾಗ. "ಅಪ್ಪ, ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಎಲ್ಲ ಸರಿಹೋಗತ್ತೆ." ಅವಳಿಗೆ ಬೇಕಿದ್ದದ್ದು ಗೇಮ್, ಅದು ನನಗೂ ಗೊತ್ತಿತ್ತು. ಆದರೂ ಎರಡು ದಿನ ಕಾರ್ಡ್‌ಗಳನ್ನೇ ನೋಡುತ್ತಾ ಕೂತೆ. ಕೊನೆಗೆ ನನಗೇ ಒಂದು ಪ್ರಶ್ನೆ ಬಂತು. ಕಂಪ್ಯೂಟರ್ ನಿಧಾನ ಅಂತೀನಲ್ಲ, ಯಾವುದು ನಿಧಾನ? ಉತ್ತರ ನನ್ನ ಹತ್ತಿರ ಇರಲಿಲ್ಲ.

ಹಾಗಾಗಿ ಕೀಬೋರ್ಡ್ ಪಕ್ಕ ಒಂದು ಹಳೇ ನೋಟ್‌ಬುಕ್ ಇಟ್ಟೆ. ಒಂದು ವಾರ, ಎಲ್ಲೆಲ್ಲಿ ಕಾಯಬೇಕಾಯ್ತೋ ಅಲ್ಲೆಲ್ಲ ಒಂದು ಸಾಲು. ಏನು ಮಾಡ್ತಿದ್ದೆ, ಎಷ್ಟು ಹೊತ್ತು ಕಾದೆ, ಆಗ ಟಾಸ್ಕ್ ಮ್ಯಾನೇಜರ್ (ಯಾವ ಭಾಗ ಎಷ್ಟು ದುಡೀತಿದೆ ಅಂತ ತೋರಿಸುವ ವಿಂಡೋಸ್‌ನ ಪರದೆ) ಏನು ತೋರಿಸುತ್ತಿತ್ತು. ಅಷ್ಟೇ. ಅಪ್‌ಗ್ರೇಡ್ ಬಗ್ಗೆ ನಾನು ಮಾಡಿದ ಕೆಲಸಗಳಲ್ಲಿ ಬುದ್ಧಿವಂತಿಕೆಯದ್ದು ಅಂದರೆ ಇದೊಂದೇ ಇರಬೇಕು.

ವಾರದ ಕೊನೆಗೆ ಎಣಿಸಿದೆ. ಒಟ್ಟು ಮೂವತ್ತೊಂದು ಸಾಲು. ಅದರಲ್ಲಿ ಇಪ್ಪತ್ತೆರಡರ ಮುಂದೆ "ಡಿಸ್ಕ್ 100%" ಅಂತಿತ್ತು. ಮೂರು ಗೇಮ್‌ನವು, ಮಗಳು ಬರೆದದ್ದು. ಉಳಿದವು ಫೋಟೊ ಕೆಲಸದ್ದು, ಪ್ರೊಸೆಸರ್ ಬಿಸಿಯಾಗಿ ಫ್ಯಾನ್ ಕಿರುಚಿದ ಹೊತ್ತಿನವು. ಕಾರ್ಡ್ ಕೊಂಡಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತಿತ್ತು.

ಟಾಸ್ಕ್ ಮ್ಯಾನೇಜರ್ ಸುಳ್ಳು ಹೇಳೋದಿಲ್ಲ, ಆದರೆ ಅದನ್ನು ಓದೋಕೆ ಬರಬೇಕು. ನಾನು ಎರಡು ಕಡೆ ಎಡವಿದೆ.

ಒಂದು, ಸಿಪಿಯು (ಅಂದರೆ ಪ್ರೊಸೆಸರ್) 25% ಅಂತ ತೋರಿಸಿದಾಗ "ಮುಕ್ಕಾಲು ಭಾಗ ಖಾಲಿ ಕೂತಿದೆ" ಅಂದುಕೊಂಡಿದ್ದೆ. ಈ ಪ್ರೊಸೆಸರ್‌ಗೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕೇ ಥ್ರೆಡ್, ಅಂದರೆ ಒಂದು ಕೋರ್ ಒಂದು ಹೊತ್ತಿಗೆ ಒಂದೇ ಸಾಲು ಕೆಲಸ ಹಿಡಿಯುತ್ತೆ. ಒಂದೇ ಕೋರ್ ಬಳಸುವ ಹಳೇ ಪ್ರೋಗ್ರಾಂ ಆ ಒಂದು ಕೋರ್ ಅನ್ನು ಪೂರ್ತಿ ಹಿಂಡಿದರೂ ಒಟ್ಟು ಲೆಕ್ಕ ಕಾಲು ಭಾಗವೇ ಬರುತ್ತೆ. ಅಂದರೆ ಅಲ್ಲಿ ಪ್ರೊಸೆಸರ್‌ದೇ ಅಡ್ಡಿ. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಕೋರ್‌ಗಳನ್ನು ಬೇರೆ ಬೇರೆಯಾಗಿ ನೋಡಿದಾಗ ಸ್ವಲ್ಪ ಸುಳಿವು ಸಿಗುತ್ತೆ. ಸ್ವಲ್ಪ ಅಂದೆ, ಯಾಕಂದರೆ ವಿಂಡೋಸ್ ಆ ಕೆಲಸವನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ದಾಟಿಸುತ್ತಾ ಇರುತ್ತೆ.

ಎರಡನೇದು ಡಿಸ್ಕ್. 100% ಅಂತ ಕೆಂಪಗೆ ತೋರಿಸುತ್ತಿತ್ತು, ಆದರೆ ವೇಗ ನೋಡಿದರೆ ಸೆಕೆಂಡಿಗೆ 2 ಎಂಬಿ ಕೂಡ ಇಲ್ಲ. ಹಾರ್ಡ್ ಡಿಸ್ಕ್ ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿ ದಾಟುತ್ತೆ. ಚೂರುಪಾರು ಕಡತಗಳಿಗಾಗಿ ಅದರ ತಲೆ ಅತ್ತಿಂದಿತ್ತ ಓಡಾಡೋಕೆ ಶುರುವಾದರೆ ಮುಗೀತು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತು ಮುಗಿಸೋಕೇ 8 ಮಿಲಿಸೆಕೆಂಡ್ ಮೇಲೆ ಬೇಕು. ಜೊತೆಗೆ ಇನ್ನೊಂದು ವಿಷಯ ಕಂಡಿತು. ಆ ಇಪ್ಪತ್ತೆರಡು ಸಾಲಲ್ಲಿ ಒಂಬತ್ತರ ಹೊತ್ತಿಗೆ 8 ಜಿಬಿ ರ‍್ಯಾಮ್‌ನಲ್ಲಿ 7.6 ತುಂಬಿತ್ತು. ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕ್ ಅನ್ನೇ ರ‍್ಯಾಮ್ ಥರ ಬಳಸುತ್ತಿತ್ತು. ಏಟು ಕಾಣಿಸುತ್ತಿದ್ದದ್ದು ಡಿಸ್ಕ್ ಮೇಲೆ, ಹೊಡೆಯುತ್ತಿದ್ದದ್ದು ಬ್ರೌಸರ್‌ನ ನಲವತ್ತು ಟ್ಯಾಬ್!

ಡಿಸ್ಕ್‌ಗೆ ಕೈ ಹಾಕುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪ್ರೋಗ್ರಾಂನಲ್ಲಿ ಅದರ ಆರೋಗ್ಯ ನೋಡಿದೆ. ಹಳದಿ ಬಣ್ಣ, ಅಂದರೆ ಎಚ್ಚರಿಕೆ. ಓದಲಾಗದೆ ಕಾದಿರುವ ಸೆಕ್ಟರ್‌ಗಳು (ಡಿಸ್ಕ್‌ನ ಚಿಕ್ಕ ತುಣುಕುಗಳು) 8. ಎದೆ ಧಸಕ್ ಅಂತು. ಅಪ್‌ಗ್ರೇಡ್ ವಿಚಾರ ಅಲ್ಲಿಗೇ ಬಿಟ್ಟು, ಅವತ್ತು ರಾತ್ರಿಯೇ ಫೋಟೊ ಎಲ್ಲ ಬೇರೆ ಡಿಸ್ಕ್‌ಗೆ ನಕಲು ಮಾಡಿದೆ. ನಿಮ್ಮ ಕಂಪ್ಯೂಟರ್ ಹಳೇದಾಗಿದ್ದರೆ ಬೇರೇನೂ ಮಾಡದಿದ್ದರೂ ಇದೊಂದನ್ನು ಇವತ್ತೇ ನೋಡಿ.

ಮಾರನೇ ದಿನ ಕ್ಯಾಬಿನೆಟ್ ಬಿಚ್ಚಿದೆ. ಎಂಟು ವರ್ಷದ ಧೂಳು ಪ್ರೊಸೆಸರ್‌ನ ಬಿಸಿ ಎಳೆದು ಹೊರಹಾಕುವ ಹೀಟ್ ಸಿಂಕ್‌ನ ರೆಕ್ಕೆಗಳ ನಡುವೆ ಕಂಬಳಿ ಥರ ಕೂತಿತ್ತು. ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಬ್ರಷ್‌ನಿಂದ ಉಜ್ಜಿದೆ. ಆಗ ಹೀಟ್ ಸಿಂಕ್ ಅಲುಗಾಡಿತು. ಅದು ಅಲುಗಾಡಬಾರದು. ಟಾರ್ಚ್ ಹಿಡಿದು ನೋಡಿದೆ. ಮೂಲೆಗಳಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್. ಮೂರು ಒಳಗೆ ಕೂತಿವೆ. ನಾಲ್ಕನೇದರ ತಲೆ ಬೇರೆ ಮೂರಕ್ಕಿಂತ ಒಂದು ಅಕ್ಕಿಕಾಳಿನಷ್ಟು ಮೇಲೆ ನಿಂತಿದೆ. ಒತ್ತಿ ಬಿಗಿ ಮಾಡಬೇಕಾದ ಪಿನ್ ಬಿಚ್ಚುವ ಕಡೆಗೇ ತಿರುಗಿತ್ತು. ಆ ಭಾನುವಾರ ನಾನೇ ಕೂರಿಸಿದ್ದು. ಎಷ್ಟು ವರ್ಷದಿಂದ ಹಾಗಿತ್ತೋ!

ಒಣಗಿ ಸುಣ್ಣದ ಥರ ಆಗಿದ್ದ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನಿಂದ ಹೀಟ್ ಸಿಂಕ್‌ಗೆ ಬಿಸಿ ದಾಟಿಸುವ ಲೇಪ) ಒರೆಸಿ, ಬಟಾಣಿಗಿಂತ ಚಿಕ್ಕ ಹನಿ ಹೊಸದು ಹಾಕಿ, ಮದರ್‌ಬೋರ್ಡ್ ಹೊರಗೆ ತೆಗೆದು ಪಿನ್‌ಗಳನ್ನು ಎದುರುಬದುರು ಮೂಲೆಯಲ್ಲಿ ಒತ್ತಿದೆ. ಟಕ್, ಟಕ್. ಬೋರ್ಡ್ ತಿರುಗಿಸಿ ಹಿಂದಿನಿಂದ ನಾಲ್ಕೂ ಕರಿ ತುದಿ ಹೊರಬಂದಿವೆಯಾ ಅಂತ ನೋಡಿದೆ. ಮೊದಲು ಫೋಟೊ ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಸೆಸರ್ 99 ಡಿಗ್ರಿಗೆ ಏರಿ, ತನ್ನನ್ನು ತಾನು ಕಾಪಾಡಿಕೊಳ್ಳೋಕೆ ವೇಗವನ್ನು 3.2 ಗಿಗಾಹರ್ಟ್ಸ್‌ನಿಂದ 2.1ಕ್ಕೆ ಇಳಿಸಿಕೊಳ್ಳುತ್ತಿತ್ತು. ಈಗ 68 ಡಿಗ್ರಿ, ವೇಗ ಪೂರ್ತಿ. 120 ರಾ ಫೋಟೊ (ಕ್ಯಾಮೆರಾದ ಕಚ್ಚಾ ಕಡತ) ಎಕ್ಸ್‌ಪೋರ್ಟ್ ಆಗೋಕೆ 14 ನಿಮಿಷ ಬೇಕಿತ್ತು, ಒಂಬತ್ತೂವರೆಗೆ ಇಳಿಯಿತು. ಪೇಸ್ಟ್ ಟ್ಯೂಬ್ ಒಂದರಲ್ಲಿ ಮುಗಿದ ಕೆಲಸ. ಹೊಸ ಪ್ರೊಸೆಸರ್ ಬೇಕು ಅಂತಿದ್ದೆ, ಅಲ್ವಾ?

ಆಮೇಲೆ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳಲ್ಲಿ ಕಡತ ಇಡುವ ಡಿಸ್ಕ್. ನನ್ನ ಬೋರ್ಡ್‌ನಲ್ಲಿ ಎಂ.2 ಸ್ಲಾಟ್ (ಹೊಸ ಮಾದರಿಯ ಎಸ್‌ಎಸ್‌ಡಿಯನ್ನು ನೇರ ಚುಚ್ಚುವ ಜಾಗ) ಇಲ್ಲ, ಹಾಗಾಗಿ ಹಾರ್ಡ್ ಡಿಸ್ಕ್ ಥರ ಕೇಬಲ್‌ನಲ್ಲಿ ಜೋಡಿಸುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ಅಡಾಪ್ಟರ್ ಹಾಕಿ ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ಕೂರಿಸಬಹುದು ಅಂತ ಹೇಳಿದವರಿದ್ದಾರೆ. ಕೂರಿಸಬಹುದು, ಆದರೆ ಆ ಕಾಲದ ಬಹಳಷ್ಟು ಬೋರ್ಡ್‌ಗಳ ಬಯಾಸ್ (ಕಂಪ್ಯೂಟರ್ ಏಳುವಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಅದರಿಂದ ಬೂಟ್ ಮಾಡೋದಿಲ್ಲ, ಅಂದರೆ ವಿಂಡೋಸ್ ಏಳಿಸೋದಿಲ್ಲ. ಬಯಾಸ್ ತಿದ್ದುವ ಧೈರ್ಯ ನನಗಿಲ್ಲ. ವಿಂಡೋಸ್ ಹಾಕುವಾಗ ಹಳೇ ಡಿಸ್ಕ್‌ನ ಕೇಬಲ್ ಕಿತ್ತಿಟ್ಟೆ. ಇಲ್ಲದಿದ್ದರೆ ಕೆಲವು ಸಲ ಬೂಟ್ ಕಡತಗಳು ಹಳೇ ಡಿಸ್ಕ್ ಮೇಲೇ ಹೋಗಿ ಕೂತು, ಮುಂದೊಂದು ದಿನ ಅದನ್ನು ತೆಗೆದಾಗ ಕಂಪ್ಯೂಟರ್ ಏಳೋದೇ ಇಲ್ಲ.

ವೇಗ ಅಳೆದೆ. ಸೆಕೆಂಡಿಗೆ 270 ಎಂಬಿ. ಸಾಟಾ ಎಸ್‌ಎಸ್‌ಡಿ 500ರ ಮೇಲೆ ಕೊಡಬೇಕು. ಎಸ್‌ಎಸ್‌ಡಿಯನ್ನು ಬೈದುಕೊಂಡು ಅರ್ಧ ದಿನ ಕಳೆದೆ. ಆಮೇಲೆ ಬೋರ್ಡ್‌ನ ಮ್ಯಾನುಯಲ್ ತೆಗೆದರೆ, ಬಿ85ರಲ್ಲಿ ಆರು ಸಾಟಾ ಪೋರ್ಟ್, ನಾಲ್ಕು 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. ನಾನು ಸಿಕ್ಕಿದ್ದಕ್ಕೆ ಚುಚ್ಚಿದ್ದೆ. ಪಕ್ಕದ ಪೋರ್ಟ್‌ಗೆ ಹಾಕಿದ ಮೇಲೆ 530. ಪವರ್ ಬಟನ್‌ನಿಂದ ಬ್ರೌಸರ್ ತೆರೆಯುವವರೆಗೆ ಎರಡು ನಿಮಿಷ ನಲವತ್ತು ಸೆಕೆಂಡ್ ಇದ್ದದ್ದು ಇಪ್ಪತ್ತಾರು ಸೆಕೆಂಡ್ ಆಯ್ತು. ಮುಖ ತೊಳೆಯೋಕೂ ಟೈಮ್ ಇಲ್ಲ.

ರ‍್ಯಾಮ್ 16 ಜಿಬಿ ಮಾಡಿದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು 4 ಜಿಬಿ ಸ್ಟಿಕ್ ತಂದು. ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿದೆ, ಬೆಳಿಗ್ಗೆ ಪರದೆ ತುಂಬ ಕೆಂಪು ಸಾಲು. ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷೆ ಮಾಡಿ ಕೆಟ್ಟದ್ದನ್ನು ಹುಡುಕಿ ವಾಪಸ್ ಕೊಟ್ಟು ಬದಲಾಯಿಸಿಕೊಂಡೆ. ಪರೀಕ್ಷೆ ಮಾಡದೆ ಬಿಟ್ಟಿದ್ದರೆ ಫೋಟೊಗಳು ಸದ್ದಿಲ್ಲದೆ ಹಾಳಾಗುತ್ತಿದ್ದವು, ನಾನು ವಿಂಡೋಸ್ ಅನ್ನು ಬೈಯುತ್ತಾ ಇರುತ್ತಿದ್ದೆ.

ಗೇಮ್ ವಿಷಯ ಉಳಿದಿತ್ತು. ಮಗಳ ಎದುರೇ ಒಂದು ಪರೀಕ್ಷೆ ಮಾಡಿದೆ. ಗೇಮ್‌ನ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿದೆ. ಫ್ರೇಮ್‌ಗಳು (ಸೆಕೆಂಡಿಗೆ ಮೂಡುವ ಚಿತ್ರಗಳು) ಏರಿದರೆ ಕಾರ್ಡ್ ಸಾಲುತ್ತಿಲ್ಲ ಅಂತ, ಏರದಿದ್ದರೆ ಪ್ರೊಸೆಸರ್ ಸಾಲುತ್ತಿಲ್ಲ ಅಂತ. ಏರಿತು, 31ರಿಂದ 52ಕ್ಕೆ. "ನೋಡಿದ್ಯಾ, ನಾನು ಹೇಳ್ಲಿಲ್ವಾ?" ಅಂದಳು. ಹೌದು, ಅವಳು ಹೇಳಿದ್ದು ಸರಿ, ಗೇಮ್ ಮಟ್ಟಿಗೆ. ಆದರೆ 750 ಟಿಐ 60 ವಾಟ್‌ನ ಕಾರ್ಡ್, ಅದಕ್ಕೆ ಬೇರೆ ಪವರ್ ಕೇಬಲ್ ಕೂಡ ಬೇಕಿಲ್ಲ. ದೊಡ್ಡ ಕಾರ್ಡ್ ಹಾಕಬೇಕಾದರೆ ಎಂಟು ವರ್ಷದ, ಆಗಲೇ ಅಗ್ಗದ್ದಾಗಿದ್ದ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಅನ್ನೂ ಬದಲಾಯಿಸಬೇಕು. ಅದರ ಕೆಪಾಸಿಟರ್‌ಗಳು ವಯಸ್ಸಾದ ಹಾಗೆ ಸೊರಗುತ್ತವೆ. ಇಷ್ಟೆಲ್ಲ ಮಾಡಿದರೆ ಮೂಗಿಗಿಂತ ಮೂಗುತಿ ಭಾರ. 720ರಲ್ಲೇ ಆಡು ಅಂದೆ. ಮೂರು ದಿನ ಮಾತಾಡಲಿಲ್ಲ.

ನನಗೂ ಒಂದು ಆಸೆ ಕಾಡಿತ್ತು, ಮುಚ್ಚಿಡೋದು ಯಾಕೆ. ಅದೇ ಸಾಕೆಟ್‌ಗೆ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಐ7-4790 ಕೂರುತ್ತೆ. ನಾಲ್ಕು ಕೋರ್, ಎಂಟು ಥ್ರೆಡ್. ಲೆಕ್ಕ ಹಾಕಿದೆ. ನನ್ನದರ ಗರಿಷ್ಠ ವೇಗ 3.4, ಅದರದ್ದು 4.0. ಒಂದೇ ಕೋರ್‌ನ ಕೆಲಸಕ್ಕೆ ಹೆಚ್ಚೆಂದರೆ 18% ಲಾಭ. ಎಕ್ಸ್‌ಪೋರ್ಟ್‌ನಲ್ಲಿ ಇನ್ನೂ ಜಾಸ್ತಿ ಸಿಗುತ್ತಿತ್ತು, ನಿಜ. ಆದರೆ ನಾನು ಎಕ್ಸ್‌ಪೋರ್ಟ್ ಕೊಟ್ಟು ಎದ್ದು ಹೋಗುವವನು. ಮೇಲಾಗಿ ಆ ಪ್ರೊಸೆಸರ್ ಮುಂದಿನ ಯಾವ ಬೋರ್ಡ್‌ಗೂ ಹೋಗೋದಿಲ್ಲ. ಡಿಡಿಆರ್3 ರ‍್ಯಾಮ್ ಕೂಡ ಹಾಗೇ. ಎಸ್‌ಎಸ್‌ಡಿ ಹೋಗುತ್ತೆ. ಅಲ್ಲಿಂದ ಹಳೇ ಕಂಪ್ಯೂಟರ್‌ಗೆ ಏನು ಕೊಳ್ಳುವಾಗಲೂ ಇದನ್ನೇ ಮೊದಲು ಕೇಳಿಕೊಂಡೆ, ಇದು ಮುಂದಿನ ಮನೆಗೆ ಬರುತ್ತಾ? ರ‍್ಯಾಮ್ ಒಂದಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದೆ.

ಹೀಗೆ ಇನ್ನೂ ಮೂರು ವರ್ಷ ಓಡಿತು. ಕೊನೆಗೆ ನಿರ್ಧಾರ ಮಾಡಿಸಿದ್ದು ವೇಗ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲುತ್ತೆ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯಿಂದ ಮೇಲಿನ ಪ್ರೊಸೆಸರ್ ಬೇಕು. ನನ್ನದು ನಾಲ್ಕನೇದು. ಹಿಂಬಾಗಿಲಿಂದ ಹಾಕುವ ದಾರಿಗಳಿವೆ, ಹಾಕಿಯೂ ನೋಡಿದೆ, ಓಡಿತು. ಆದರೆ ಮುಂದಿನ ಅಪ್‌ಡೇಟ್ ಬರುತ್ತೋ ಇಲ್ಲವೋ ಅನ್ನುವ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ ಮಾಡೋಕೆ ಮನಸ್ಸು ಬರಲಿಲ್ಲ. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯೂ ಇತ್ತು. ಸುಮ್ನೆ ಮುಂದೂಡಿದ ಹಾಗೆ ಅನ್ನಿಸಿತು.

ಮತ್ತೆ ನೋಟ್‌ಬುಕ್ ತೆಗೆದು ಒಂದು ವಾರ ಬರೆದೆ. ಈ ಸಲ ಹನ್ನೆರಡೇ ಸಾಲು, ಹನ್ನೊಂದರಲ್ಲಿ ನಾಲ್ಕೂ ಕೋರ್ 100%. ಅದಕ್ಕೆ ಪೇಸ್ಟ್‌ನಲ್ಲಿ ಮದ್ದಿಲ್ಲ. ಹೊಸದು ಜೋಡಿಸಿದೆ. ಡಿಡಿಆರ್4ನ ಎಎಂ4 (ಎಎಂಡಿ ಪ್ರೊಸೆಸರ್‌ಗಳ ಹಳೇ ಸಾಕೆಟ್) ಬೋರ್ಡ್‌ನಲ್ಲಿ ಖರ್ಚು ಕಡಿಮೆ ಆಗುತ್ತಿತ್ತು. ಆದರೆ ಆ ಸಾಕೆಟ್‌ನ ಕಾಲ ಮುಗಿಯುತ್ತಾ ಬಂದಿದೆ, ಹನ್ನೊಂದು ವರ್ಷ ಒಂದೇ ಬೋರ್ಡ್ ಇಟ್ಟುಕೊಳ್ಳುವವನಿಗೆ ಅದರ ಮುಂದಿನ ಸಾಕೆಟ್ ಎಎಂ5 ಸರಿ ಅನ್ನಿಸಿ ರೈಜನ್ 5 7600, 32 ಜಿಬಿ ಡಿಡಿಆರ್5 ತೆಗೆದುಕೊಂಡೆ. ಹಳೇದರಿಂದ ಬಂದದ್ದು ಕ್ಯಾಬಿನೆಟ್, ಎಸ್‌ಎಸ್‌ಡಿ, ಮಾನಿಟರ್. ಎಸ್‌ಎಂಪಿಎಸ್ ಹೊಸದು, ಅದರಲ್ಲಿ ಚೌಕಾಸಿ ಮಾಡಲಿಲ್ಲ. ವಿಂಡೋಸ್ ಲೈಸೆನ್ಸ್ ಬರಲಿಲ್ಲ. ಅದು ಒಇಎಂ, ಹಳೇ ಬೋರ್ಡ್‌ಗೆ ಕಟ್ಟಿಹಾಕಿದ್ದು. ಖರ್ಚಿನ ಪಟ್ಟಿ ಮಾಡುವಾಗ ಇದನ್ನು ಬಿಟ್ಟೇಬಿಟ್ಟಿದ್ದೆ, ನೀವು ಬಿಡಬೇಡಿ.

ಹಳೇ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಇನ್ನೊಂದು ಚಿಕ್ಕ ಕ್ಯಾಬಿನೆಟ್‌ಗೆ ಸೇರಿಸಿ, ಅಗ್ಗದ ಎಸ್‌ಎಸ್‌ಡಿಯೊಂದನ್ನು ಹಾಕಿ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಇಳಿಸಿದೆ. ಬ್ರೌಸರ್‌ಗೆ, ಟೈಪ್ ಮಾಡೋಕೆ ಏನೂ ತೊಂದರೆ ಇಲ್ಲ.

ಹೊಸದನ್ನು ಮೊದಲ ಸಲ ಆನ್ ಮಾಡಿದ ರಾತ್ರಿ ಫ್ಯಾನ್‌ಗಳು ತಿರುಗಿದವು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕೋಣ ಅಂತ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಪರದೆ ಬೆಳಗಿತು. ಡಿಡಿಆರ್5 ರ‍್ಯಾಮ್ ಅನ್ನು ಬೋರ್ಡ್ ಮೊದಲ ಸಲ ಪಳಗಿಸಿಕೊಳ್ಳೋಕೆ ಕೆಲವು ನಿಮಿಷ ಹಿಡಿಯುತ್ತೆ ಅಂತ ಮ್ಯಾನುಯಲ್‌ನಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ನೋಟ್‌ಬುಕ್‌ನಲ್ಲಿ ಹೊಸ ಹಾಳೆ ತಿರುವಿ ಮೊದಲ ಸಾಲು ಬರೆದೆ: "ಆನ್ ಮಾಡಿದ್ದು, 4 ನಿಮಿಷ, ಏನೂ ತೋರಿಸುತ್ತಿರಲಿಲ್ಲ."