ಮ್ಯಾನ್ಸನ್ ಕೊಲೆಗಳ ಕಥೆಯನ್ನು ನಾನು ಕನ್ನಡದಲ್ಲಿ ಹೇಳಿದ ಬಗೆ

ಅಪರಾಧ ಪ್ರಕರಣಗಳನ್ನು ಧ್ವನಿ ಸರಣಿಯಾಗಿ ಹೇಳಲು ತೊಡಗಿದಾಗಿನಿಂದ ಕೇಳುಗರು ಪಟ್ಟುಹಿಡಿದು ಕೇಳುತ್ತಿದ್ದ ಹೆಸರು, 1969ರಲ್ಲಿ ಅಮೆರಿಕದಲ್ಲಿ ತನ್ನ ಹಿಂಬಾಲಕರ ಕೈಯಲ್ಲಿ ಕೊಲೆ ಮಾಡಿಸಿದ ಚಾರ್ಲ್ಸ್ ಮ್ಯಾನ್ಸನ್‌ನದು. ಹಣೆಯ ಮೇಲೆ ಗುರುತು ಕೊರೆದುಕೊಂಡು, ಕಣ್ಣು ಅರಳಿಸಿ ಕ್ಯಾಮೆರಾವನ್ನು ದಿಟ್ಟಿಸುವ ಆ ಮುಖವನ್ನು ಹೇಗೋ ಎಲ್ಲರೂ ನೋಡಿರುತ್ತಾರೆ. ಅವನ ಗುಂಪಿನ ಕೈಯಲ್ಲಿ ಸತ್ತವರ ಹೆಸರು ಕೇಳಿದರೆ ನಟಿ ಶರಾನ್ ಟೇಟ್ ಒಬ್ಬಳನ್ನು ಬಿಟ್ಟು ಮುಂದೆ ಹೋಗುವವರು ಅಪರೂಪ. ಇದು ನನ್ನನ್ನು ಬಹಳ ಕಾಡಿತು. ಹೀಗಾಗಿ ಬರೆಯಲು ಕೂರುವ ಮೊದಲೇ ಎರಡು ತೀರ್ಮಾನ ಮಾಡಿಕೊಂಡೆ. ಕಥೆ ಮ್ಯಾನ್ಸನ್‌ನಿಂದ ಆರಂಭವಾಗಬಾರದು. ಈ ಕೊಲೆಗಳೇ ಹಿಪ್ಪಿ ಯುಗಕ್ಕೆ ಕೊನೆ ಹಾಡಿದವು ಎಂಬ ಮಾತನ್ನು ಒರೆಗೆ ಹಚ್ಚದೆ ಬಾಯಿಗೆ ತರಬಾರದು.

ಮೊದಲ ಕಂತನ್ನು ಸ್ಟೀವನ್ ಪೇರೆಂಟ್ ಎಂಬ ಹುಡುಗನಿಂದ ಆರಂಭಿಸಿದೆ. ಅವನಿಗೆ 18 ವರ್ಷ. ಹಗಲು ಒಂದು ಕೆಲಸ, ಸಂಜೆ ಇನ್ನೊಂದು ಕೆಲಸ ಮಾಡಿ ಕಾಲೇಜಿಗೆಂದು ಹಣ ಕೂಡಿಡುತ್ತಿದ್ದ. ರೇಡಿಯೊ, ಸ್ಟೀರಿಯೊ ಎಂದರೆ ಪ್ರಾಣ. 1969ರ ಆಗಸ್ಟ್ 8ರ ರಾತ್ರಿ ಲಾಸ್ ಏಂಜಲೀಸ್‌ನ ಸಿಯೆಲೊ ಡ್ರೈವ್‌ನಲ್ಲಿದ್ದ ಶರಾನ್ ಟೇಟ್ ವಾಸವಿದ್ದ ಬಂಗಲೆಯ ಹಿಂಬದಿಯ ಅತಿಥಿ ಗೃಹಕ್ಕೆ ಅವನು ಹೋಗಿದ್ದು, ಅಲ್ಲಿ ಮನೆ ನೋಡಿಕೊಳ್ಳುತ್ತಿದ್ದ ಪರಿಚಯದ ಹುಡುಗನಿಗೆ ತನ್ನ ಗಡಿಯಾರ-ರೇಡಿಯೊ ಮಾರುವುದಕ್ಕೆ. ವ್ಯಾಪಾರ ಕುದುರಲಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ರೇಡಿಯೊವನ್ನು ಕಾರಿನಲ್ಲಿಟ್ಟುಕೊಂಡು ಗೇಟಿನತ್ತ ಹೊರಟ. ಅದೇ ಹೊತ್ತಿಗೆ ಒಳಗೆ ನುಗ್ಗಿದ್ದ ಮ್ಯಾನ್ಸನ್ ಗುಂಪಿನ ಟೆಕ್ಸ್ ವಾಟ್ಸನ್ ಕಾರನ್ನು ತಡೆದು, ಗುಂಡು ಹಾರಿಸಿ ಅವನನ್ನು ಕೊಂದ. ಬಂಗಲೆಯಲ್ಲಿದ್ದವರು ಯಾರು ಎಂಬುದು ಆ ಹುಡುಗನಿಗೆ ಸಂಬಂಧಿಸಿದ ವಿಷಯವೇ ಆಗಿರಲಿಲ್ಲ. ಸುದ್ದಿ ಹೊರಬಿದ್ದಾಗ ಉಳಿದ ನಾಲ್ವರಿಗೆ ಹೆಸರುಗಳಿದ್ದವು. ಇವನು ಇನ್ನೂ ಗುರುತು ಸಿಗದ ಯುವಕನಾಗಿದ್ದ. ಆ ಗಡಿಯಾರ-ರೇಡಿಯೊದ ಬಗ್ಗೆ ನಾಲ್ಕಾರು ನಿಮಿಷ ಮಾತನಾಡಿದೆ. ಇಡೀ ಸರಣಿಯಲ್ಲಿ ಹೆಚ್ಚು ಪತ್ರಗಳು ಬಂದದ್ದು ಆ ಭಾಗಕ್ಕೇ.

ಉಳಿದವರನ್ನೂ ಹೀಗೆಯೇ ಬದುಕಿನ ಕಡೆಯಿಂದ ಪರಿಚಯಿಸಿದೆ. ಎಂಟೂವರೆ ತಿಂಗಳ ಗರ್ಭಿಣಿ ಶರಾನ್ ಟೇಟ್, ಕೇಶ ವಿನ್ಯಾಸಕ ಜೇ ಸೆಬ್ರಿಂಗ್, ಬಡವರ ಕೇರಿಗಳಲ್ಲಿ ಸ್ವಯಂಸೇವಕಿಯಾಗಿ ದುಡಿದಿದ್ದ ಅಬಿಗೈಲ್ ಫೋಲ್ಜರ್, ಪೋಲೆಂಡಿನಿಂದ ವಲಸೆ ಬಂದಿದ್ದ ವೊಯ್ಚೆಕ್ ಫ್ರಿಕೋವ್‌ಸ್ಕಿ. ಮರುರಾತ್ರಿ ಲಾಸ್ ಫೆಲಿಸ್ ಬಡಾವಣೆಯ ತಮ್ಮ ಮನೆಯಲ್ಲಿ ಹತರಾದ ಲೆನೊ ಮತ್ತು ರೋಸ್‌ಮೆರಿ ಲಾಬಿಯಾಂಕಾ ದಂಪತಿ. ಅದಕ್ಕೂ ಮೊದಲು, ಜುಲೈ ಕೊನೆಯಲ್ಲಿ, ಸಂಗೀತ ಕಲಿಸುತ್ತಿದ್ದ ಗ್ಯಾರಿ ಹಿನ್‌ಮನ್. ಆಮೇಲೆ ಗುಂಪು ಬೀಡುಬಿಟ್ಟಿದ್ದ ರ‍್ಯಾಂಚಿನ ಕೆಲಸಗಾರ ಡೊನಾಲ್ಡ್ ಷೇ. ಷೇಯ ಅವಶೇಷ ಸಿಕ್ಕಿದ್ದು 1977ರಲ್ಲಿ. ಇರಿತಗಳ ಎಣಿಕೆಯನ್ನು ನಾನು ಎಲ್ಲಿಯೂ ಹೇಳಲಿಲ್ಲ. ಗೋಡೆಯ ಮೇಲಿನ ರಕ್ತದ ಬರಹಗಳನ್ನು ಒಮ್ಮೆ ಮಾತ್ರ ಹೇಳಿದೆ, ಅವು ಮೊಕದ್ದಮೆಗೆ ಮುಖ್ಯವಾಗಿದ್ದವು ಎಂಬ ಕಾರಣಕ್ಕೆ.

ಆಮೇಲಿನದು ಕಾಲಗಣನೆಯ ಕೆಲಸ. ಗೋಡೆಗೆ ಉದ್ದನೆಯ ಕಾಗದ ಅಂಟಿಸಿ ಅದರ ಮೇಲೆ ಮೂರು ಪಟ್ಟಿ ಎಳೆದೆ. ಮೇಲಿನದು ಸ್ಯಾನ್ ಫ್ರಾನ್ಸಿಸ್ಕೊದ ಹೇಟ್-ಆಶ್‌ಬರಿ, ಅಂದರೆ ಹಿಪ್ಪಿಗಳ ತವರು. ನಡುವಿನದು ಮ್ಯಾನ್ಸನ್ ಗುಂಪು. ಕೆಳಗಿನದು ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕ. ಇಂಥ ವಿಷಯ ಎತ್ತಿಕೊಳ್ಳುವ ಯಾರಿಗೇ ಆಗಲಿ ನಾನು ಹೇಳುವುದು ಇದೇ: ವಾದಗಳನ್ನು ಓದುವ ಮೊದಲು ದಿನಾಂಕಗಳನ್ನು ಅಕ್ಕಪಕ್ಕ ಬರೆಯಿರಿ. ಎಷ್ಟೋ ವಾದಗಳು ಅಲ್ಲಿಯೇ ಮಗುಚಿಬೀಳುತ್ತವೆ.

ಮೇಲಿನ ಪಟ್ಟಿಯಲ್ಲಿ 1967ರ ಜನವರಿ 14ರಂದು ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಸಾವಿರಾರು ಯುವಜನರ ಸಮಾವೇಶ. ಜೂನ್‌ನಲ್ಲಿ ವೈದ್ಯ ಡೇವಿಡ್ ಸ್ಮಿತ್ ಬಡಾವಣೆಯಲ್ಲಿ ಉಚಿತ ಚಿಕಿತ್ಸಾಲಯ ತೆರೆದರು. ಬೇಸಿಗೆಯಲ್ಲಿ ದೇಶದ ಮೂಲೆಮೂಲೆಯಿಂದ ಮಕ್ಕಳು ಬಂದು ಸುರಿದರು. ಮಲಗಲು ಜಾಗವಿಲ್ಲ, ಊಟವಿಲ್ಲ, ಮಾದಕ ದ್ರವ್ಯ ಮಾರುವವರ ಕಾಟ. ಅದೇ ವರ್ಷ ಅಕ್ಟೋಬರ್ 6ರಂದು ಅಲ್ಲಿಯ ಹಿಪ್ಪಿಗಳೇ ಶವಪೆಟ್ಟಿಗೆ ಹೊತ್ತು ಬೀದಿಯಲ್ಲಿ ಮೆರವಣಿಗೆ ಹೋಗಿ ‘ಹಿಪ್ಪಿ ಸತ್ತ’ ಎಂದು ಸಾರಿದರು. ಪತ್ರಿಕೆ, ಟಿವಿಗಳು ಕಟ್ಟಿದ ಹಿಪ್ಪಿಯನ್ನು ಹೂಳುತ್ತಿದ್ದೇವೆ, ಇನ್ನು ಇಲ್ಲಿಗೆ ಬರಬೇಡಿ ಎಂಬುದು ಅವರ ಮನವಿ. ಸಿಯೆಲೊ ಡ್ರೈವ್‌ನ ಕೊಲೆಗಳಿಗೆ ಆಗ ಇನ್ನೂ ಸುಮಾರು ಎರಡು ವರ್ಷ ಬಾಕಿ ಇತ್ತು.

ನಡುವಿನ ಪಟ್ಟಿ ಸೆರೆಮನೆಯ ಬಾಗಿಲಿನಿಂದ ಆರಂಭವಾಗುತ್ತದೆ. 1934ರಲ್ಲಿ ಹುಟ್ಟಿದ ಮ್ಯಾನ್ಸನ್ 1967ರ ಮಾರ್ಚ್ 21ರಂದು ಬಿಡುಗಡೆಯಾದಾಗ ಅವನಿಗೆ 32 ವರ್ಷ. ಬದುಕಿನ ಅರ್ಧಕ್ಕೂ ಹೆಚ್ಚು ಭಾಗ ಬಾಲಾಪರಾಧಿಗಳ ಶಾಲೆ ಮತ್ತು ಜೈಲುಗಳಲ್ಲಿ ಕಳೆದಿತ್ತು. ಹೊರಗೆ ಕಳಿಸಬೇಡಿ ಎಂದು ಅವನೇ ಅಧಿಕಾರಿಗಳನ್ನು ಕೇಳಿಕೊಂಡಿದ್ದ. ಎದುರಿನವರ ದೌರ್ಬಲ್ಯ ಹುಡುಕಿ ಬಳಸಿಕೊಳ್ಳುವ ವಿದ್ಯೆಯನ್ನು ಅವನು ಕಲಿತದ್ದು ಅಲ್ಲಿ, ಗಿಟಾರ್ ಕಲಿತದ್ದೂ ಅಲ್ಲಿಯೇ. ಮನೆ ಬಿಟ್ಟು ಬಂದ ಹುಡುಗಿಯರು ತುಂಬಿದ್ದ ಹೇಟ್-ಆಶ್‌ಬರಿಗೆ ಇಂಥವನು ಬಂದಿಳಿದ. ಅಲ್ಲಿಂದ ಹಳೆಯ ಶಾಲಾ ಬಸ್ಸಿನಲ್ಲಿ ಗುಂಪು ಕಟ್ಟಿಕೊಂಡು ದಕ್ಷಿಣಕ್ಕೆ ಬಂದು, 1968ರ ಆಗಸ್ಟ್ ಹೊತ್ತಿಗೆ ಸ್ಪಾನ್ ರ‍್ಯಾಂಚ್ ಎಂಬ ಪಾಳುಬಿದ್ದ ಸಿನಿಮಾ ಸೆಟ್ಟಿನಲ್ಲಿ ಬೀಡುಬಿಟ್ಟ. ಅದರ ಒಡೆಯ ಕಣ್ಣು ಮಂಜಾದ ಮುದುಕ.

ಇಲ್ಲಿ ನಾನು ನಿಧಾನಿಸಿದೆ. ಕೇಳುಗರಿಗೆ ಅವನೊಬ್ಬ ಮಾಂತ್ರಿಕ ಎನಿಸಿಬಿಟ್ಟರೆ ನನ್ನ ಕೆಲಸ ಕೆಟ್ಟಂತೆ. ಆದ್ದರಿಂದ ‘ವಶೀಕರಣ’ದಂಥ ಮಾತನ್ನು ಬದಿಗಿಟ್ಟು, ರ‍್ಯಾಂಚಿನಲ್ಲಿ ದಿನನಿತ್ಯ ಏನು ನಡೆಯುತ್ತಿತ್ತು ಎಂಬುದನ್ನು ಒಂದೊಂದಾಗಿ ಹೇಳಿದೆ. ಗಡಿಯಾರವಿಲ್ಲ, ಕ್ಯಾಲೆಂಡರ್ ಇಲ್ಲ, ಪತ್ರಿಕೆ ಇಲ್ಲ. ಬಂದವರಿಗೆ ಹೊಸ ಹೆಸರು. ತಾಯಂದಿರಿಂದ ಮಕ್ಕಳು ದೂರ. ಅಂಗಡಿಗಳ ಹಿಂದಿನ ತೊಟ್ಟಿಗಳಿಂದ ಆಯ್ದು ತಂದ ಊಟ. ಎಲ್ಲರೂ ಕೂಡಿ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ದ್ರವ್ಯ ತೆಗೆದುಕೊಳ್ಳುವ ರಾತ್ರಿಗಳಲ್ಲಿ ಅವನ ಪಾಲು ಮಾತ್ರ ಕಡಿಮೆ. ಹೀಗೆ ಬಿಡಿಸಿಟ್ಟಾಗ ನಮ್ಮ ಸುತ್ತಲಿನ ಕೆಲವು ಸ್ವಯಂಘೋಷಿತ ಗುರುಗಳ ಮಠಗಳಲ್ಲಿ ಇದೇ ನಡೆಯುತ್ತದಲ್ಲವೇ ಎಂದು ಕೇಳುಗರೇ ಬರೆದರು. ನಾನು ಹಾಗೆ ಸೂಚಿಸಿರಲಿಲ್ಲ.

ಕೆಳಗಿನ ಪಟ್ಟಿ ನನ್ನ ಕಣ್ಣು ತೆರೆಸಿತು. 1969ರ ಆಗಸ್ಟ್ 16ರ ಬೆಳಗ್ಗೆ ಪೊಲೀಸರು ಸ್ಪಾನ್ ರ‍್ಯಾಂಚಿನ ಮೇಲೆ ದಾಳಿ ಮಾಡಿ ಮ್ಯಾನ್ಸನ್‌ನನ್ನೂ ಅವನವರನ್ನೂ ಹಿಡಿದರು. ಆರೋಪ ಕಾರು ಕಳವಿನದು. ವಾರಂಟ್‌ನ ದಿನಾಂಕ ಸರಿಯಿಲ್ಲವೆಂದು ಕೆಲವೇ ದಿನಗಳಲ್ಲಿ ಬಿಟ್ಟುಬಿಟ್ಟರು. ಅದೇ ದಿನ ದೇಶದ ಇನ್ನೊಂದು ತುದಿಯಲ್ಲಿ ಸುಮಾರು 4 ಲಕ್ಷ ಜನ ವುಡ್‌ಸ್ಟಾಕ್ ಸಂಗೀತೋತ್ಸವದ ಕೆಸರಿನಲ್ಲಿ ಕುಣಿಯುತ್ತಿದ್ದರು. ಹಿಪ್ಪಿ ಯುಗ ಆಗಸ್ಟ್ 9ಕ್ಕೆ ಮುಗಿಯಿತು ಎನ್ನುವವರು ಈ ವಾರವನ್ನು ಎಲ್ಲಿಡುತ್ತಾರೆ? ಕೊಲೆಗಾರರು ಉದ್ದ ಕೂದಲಿನ ಗುಂಪಿನವರು ಎಂಬುದೇ ಆಗ ಹೊರಗೆ ಗೊತ್ತಿರಲಿಲ್ಲ. ಗುಂಪಿನ ಸೂಸನ್ ಆಟ್ಕಿನ್ಸ್ ಜೈಲಿನಲ್ಲಿ ಜೊತೆಗಿದ್ದ ಹೆಂಗಸರ ಮುಂದೆ ಬಾಯಿಬಿಟ್ಟ ಮೇಲೆ, ಡಿಸೆಂಬರ್ 1ರಂದು ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಡೇವಿಸ್ ಪ್ರಕರಣ ಬಗೆಹರಿದಿದೆ ಎಂದು ಪ್ರಕಟಿಸಿದರು. ಅದೇ ಡಿಸೆಂಬರ್ 1ರಂದು ಯಾವ ಯುವಕರು ಮೊದಲು ಸೈನ್ಯಕ್ಕೆ ಹೋಗಬೇಕೆಂದು ನಿರ್ಧರಿಸಲು ಹುಟ್ಟಿದ ದಿನಾಂಕಗಳ ಲಾಟರಿ ಎತ್ತಲಾಯಿತು. ಅದೇ ವಾರ, ವಿಯೆಟ್ನಾಂನ ಮೈ ಲಾಯಿಯಲ್ಲಿ ಅಮೆರಿಕದ ಸೈನಿಕರು ನಡೆಸಿದ ಹತ್ಯಾಕಾಂಡದ ಚಿತ್ರಗಳು ವಾರಪತ್ರಿಕೆಯಲ್ಲಿ ಬಂದವು. ಡಿಸೆಂಬರ್ 6ರಂದು ಆಲ್ಟಮಾಂಟ್ ಸಂಗೀತ ಕೂಟದಲ್ಲಿ 18 ವರ್ಷದ ಮೆರೆಡಿತ್ ಹಂಟರ್ ವೇದಿಕೆಯೆದುರೇ ಇರಿತಕ್ಕೆ ಬಲಿಯಾದ. ಯುಗ ಮುಗಿಯಿತೆಂಬ ಭಾವನೆ ಹುಟ್ಟಿದ್ದು ಈ ಒಂದೇ ವಾರದ ಭಾರಕ್ಕೆ ಎಂದು ನನಗೆ ಮನವರಿಕೆಯಾಯಿತು. ಆಮೇಲೆ ಅದನ್ನು ಹಿಂದಕ್ಕೊಯ್ದು ಆಗಸ್ಟ್ ರಾತ್ರಿಗೆ ಕಟ್ಟಿದರು. ಮ್ಯಾನ್ಸನ್‌ಗೆ ಇಷ್ಟು ದೊಡ್ಡ ಗೌರವ ಸಲ್ಲಬಾರದು.

ಹಾಗೆಂದು ಹಿಪ್ಪಿಗಳ ಪಾಲು ಏನೂ ಇಲ್ಲವೆಂದು ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಬಂದವರನ್ನು ಯಾರು, ಏನು ಎಂದು ಕೇಳದ ಔದಾರ್ಯವೇ ಅವನಿಗೆ ಬಾಗಿಲು ತೆರೆಯಿತು. ಬೀಚ್ ಬಾಯ್ಸ್ ಎಂಬ ಸಂಗೀತ ತಂಡದ ಡೆನಿಸ್ ವಿಲ್ಸನ್ 1968ರಲ್ಲಿ ತಿಂಗಳುಗಟ್ಟಲೆ ಆ ಗುಂಪನ್ನು ಮನೆಯಲ್ಲಿಟ್ಟುಕೊಂಡಿದ್ದ. ಬಂಧನದ ನಂತರವೂ ಲಾಸ್ ಏಂಜಲೀಸ್‌ನ ಒಂದು ಭೂಗತ ಪತ್ರಿಕೆ ಮ್ಯಾನ್ಸನ್‌ನನ್ನು ವರ್ಷದ ವ್ಯಕ್ತಿ ಎಂದು ಹೊಗಳಿತು. ಕರಿಯರು ಮತ್ತು ಬಿಳಿಯರ ನಡುವೆ ಯುದ್ಧವಾಗಲಿ ಎಂದು ಬಯಸುತ್ತಿದ್ದ ಜನಾಂಗದ್ವೇಷಿಯನ್ನು ಬಂಡಾಯಗಾರನೆಂದು ಕೊಂಡಾಡಿದ್ದು ಅಕ್ಷಮ್ಯ.

ವಿಚಾರಣೆಯ ಕಂತುಗಳಿಗೆ ಬೇರೆಯದೇ ಶಿಸ್ತು ಬೇಕಾಯಿತು. ಸಿಯೆಲೊ ಡ್ರೈವ್‌ನಲ್ಲಿ ಮ್ಯಾನ್ಸನ್ ಇರಲೇ ಇಲ್ಲ. ಲಾಬಿಯಾಂಕಾ ಮನೆಯಲ್ಲಿ ದಂಪತಿಯನ್ನು ಕಟ್ಟಿಹಾಕಿ ತಾನು ಹೊರಟುಹೋದ. ಅವನು ಹೇಗೆ ಕೊಲೆಗಾರನಾಗುತ್ತಾನೆ ಎಂಬುದಕ್ಕೆ ಉತ್ತರ ಒಳಸಂಚಿನ ಕಾನೂನಿನಲ್ಲಿದೆ, ಗುಂಪಿನಲ್ಲಿದ್ದು ಮಾಫಿ ಸಾಕ್ಷಿಯಾದ ಲಿಂಡಾ ಕಸಾಬಿಯನ್‌ಳ ಹೇಳಿಕೆಯಲ್ಲಿದೆ. ಉದ್ದೇಶದ ಬಗ್ಗೆ ಮಾತ್ರ ತುಂಬಾ ಎಚ್ಚರ ವಹಿಸಿದೆ. ಜನಾಂಗ ಯುದ್ಧ ಹೊತ್ತಿಸಲು ಕೊಲೆ ಮಾಡಿಸಿದ ಎಂಬುದು ಪ್ರಾಸಿಕ್ಯೂಟರ್ ವಿನ್ಸೆಂಟ್ ಬುಗ್ಲಿಯೋಸಿ ಮಂಡಿಸಿದ ವಾದ. ಹಿನ್‌ಮನ್ ಕೊಲೆಯಲ್ಲಿ ಸಿಕ್ಕಿಬಿದ್ದ ಗುಂಪಿನ ಬಾಬಿ ಬೋಸೊಲೆಯನ್ನು ಬಿಡಿಸಲು ಅದೇ ಮಾದರಿಯ ಕೊಲೆಗಳನ್ನು ಮಾಡಿದರು ಎಂಬ ವಾದವೂ ಇದೆ. ತನ್ನ ಹಾಡುಗಳಿಗೆ ಅವಕಾಶ ಕೊಡದ ನಿರ್ಮಾಪಕ ಟೆರ‍್ರಿ ಮೆಲ್ಚರ್ ಹಿಂದೆ ಅದೇ ಬಂಗಲೆಯಲ್ಲಿದ್ದ ಎಂಬುದೂ ನಿಜ. ಯಾರ ವಾದವೋ ಅವರ ಹೆಸರಿನಲ್ಲಿಯೇ ಹೇಳುತ್ತಾ ಹೋದೆ. ನ್ಯಾಯಾಲಯ ಎತ್ತಿಹಿಡಿದದ್ದನ್ನು ಮಾತ್ರ ನನ್ನ ದನಿಯಲ್ಲಿ ಹೇಳಿದೆ. 1971ರ ಜನವರಿ 25ರಂದು ದೋಷಿಗಳೆಂದು ತೀರ್ಪು, ಆಮೇಲೆ ಮರಣದಂಡನೆ, 1972ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಮರಣದಂಡನೆಯನ್ನೇ ರದ್ದು ಮಾಡಿದ್ದರಿಂದ ಜೀವಾವಧಿ. ಮ್ಯಾನ್ಸನ್ 2017ರಲ್ಲಿ ಕೈದಿಯಾಗಿಯೇ ಸತ್ತ.

ಅವನ ಸಾವಿನೊಂದಿಗೆ ಸರಣಿ ಮುಗಿಸುವುದು ಸುಲಭವಿತ್ತು. ನನಗೆ ಡೊರಿಸ್ ಟೇಟ್ ಬೇಕಾಗಿದ್ದರು. ಶರಾನ್‌ಳ ತಾಯಿ ಹಲವು ವರ್ಷ ದುಃಖದಲ್ಲಿ ಮುಳುಗಿದ್ದವರು, ಲಾಬಿಯಾಂಕಾ ಕೊಲೆಗಳ ಅಪರಾಧಿ ಲೆಸ್ಲಿ ವಾನ್ ಹೌಟನ್‌ಗೆ ಪೆರೋಲ್, ಅಂದರೆ ಷರತ್ತಿನ ಮೇಲೆ ಬಿಡುಗಡೆ, ಸಿಗಬಹುದೆಂದು ಗೊತ್ತಾದಾಗ ಎದ್ದು ನಿಂತು ಲಕ್ಷಾಂತರ ಸಹಿ ಸಂಗ್ರಹಿಸಿದರು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಂತ್ರಸ್ತರ ಹಕ್ಕುಗಳ ಕಾನೂನು ಬಂದ ಮೇಲೆ ವಾಟ್ಸನ್‌ನ ಪೆರೋಲ್ ವಿಚಾರಣೆಗೆ ಹೋಗಿ ಅವನೆದುರೇ ಮಾತನಾಡಿದರು. 2023ರಲ್ಲಿ ವಾನ್ ಹೌಟನ್ ಪೆರೋಲ್ ಮೇಲೆ ಹೊರಬಂದಾಗ ಅವಳಿಗೆ 73 ವರ್ಷ. ಅದು ಸರಿಯೇ ಎಂದು ಕೇಳುಗರು ಇಂದಿಗೂ ಜಗಳವಾಡುತ್ತಾರೆ. 19ರ ವಯಸ್ಸಿನಲ್ಲಿ ಮಾಡಿದ್ದಕ್ಕೆ ಅರ್ಧ ಶತಮಾನ ಸೆರೆಯಲ್ಲಿದ್ದವಳನ್ನು ಬಿಟ್ಟದ್ದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಲಾಬಿಯಾಂಕಾ ಕುಟುಂಬದವರು ಒಪ್ಪದಿದ್ದರೆ ಅವರೊಂದಿಗೆ ವಾದಿಸುವ ಹಕ್ಕು ನನಗಿಲ್ಲ.

ಗೋವಾದ ಅಂಜುನಾಕ್ಕೆ, ನಮ್ಮ ಹಂಪಿ, ಗೋಕರ್ಣಗಳಿಗೆ ಹಿಪ್ಪಿಗಳು ಹೆಚ್ಚಾಗಿ ಬಂದದ್ದು ಈ ಕೊಲೆಗಳು ನಡೆದ ಮೇಲೆಯೇ ಅಲ್ಲವೇ ಎಂದು ಉತ್ತರ ಕನ್ನಡದ ಕೇಳುಗರೊಬ್ಬರು ಕೇಳಿದ್ದರು. ಅವರ ಮಾತು ಸರಿ. ಭೂಮಾರ್ಗವಾಗಿ ಭಾರತಕ್ಕೆ ಬರುವ ದಾರಿ ಮುಚ್ಚಿದ್ದು 1979ರ ಇರಾನ್ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ ಮೇಲೆ. ಟೆನೆಸ್ಸಿಯಲ್ಲಿ 1971ರಲ್ಲಿ ಹಿಪ್ಪಿಗಳು ಕಟ್ಟಿದ ‘ದಿ ಫಾರ್ಮ್’ ಎಂಬ ಊರು ಇಂದಿಗೂ ಇದೆ. ಇವೆರಡನ್ನೂ ಸೇರಿಸಿ ಒಂದು ಪ್ರತ್ಯೇಕ ಕಂತು ಮಾಡಿದೆ.

ಈಗ ಜೋನ್ಸ್‌ಟೌನ್ ಪ್ರಕರಣವನ್ನು, ಅಂದರೆ ಒಂದು ಪಂಥದವರ ಸಾಮೂಹಿಕ ಸಾವಿನ ಕಥೆಯನ್ನು, ಎತ್ತಿಕೊಂಡಿದ್ದೇನೆ. 1978ರ ನವೆಂಬರ್ 18ರಂದು ಗಯಾನಾದಲ್ಲಿ ಸತ್ತ 918 ಜನರಲ್ಲಿ ಸುಮಾರು ಮೂರನೆಯ ಒಂದು ಭಾಗ ಮಕ್ಕಳು. ಮೊದಲ ಕಂತು ಅವರದೇ. ಪಂಥದ ನಾಯಕ ಜಿಮ್ ಜೋನ್ಸ್ ಬರುವುದು ಮೂರನೆಯ ಕಂತಿನಲ್ಲಿ.