ಹಣೆಯ ಸ್ಟಿಕ್ಕರ್ ಮತ್ತು ಬಿದ್ದವರ ಲೆಕ್ಕ

ಮೈಸೂರಿನ ಒಂದು ವೃದ್ಧಾಶ್ರಮದಲ್ಲಿ ಹಿರಿಯರು ಯಾಕೆ ಬೀಳುತ್ತಾರೆ ಅಂತ ಅಧ್ಯಯನ ಮಾಡಲು ಹೊರಟಾಗ ನನ್ನ ಹತ್ತಿರ ಬಿಪಿ ಯಂತ್ರ ಇತ್ತು, ಅಧ್ಯಯನದಿಂದ ಜನರಿಗೆ ಅನ್ಯಾಯ ಆಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯ ಅನುಮತಿ ಇತ್ತು, ಸ್ವಲ್ಪ ಜಂಬವೂ ಇತ್ತು. ಆಸ್ಪತ್ರೆಯಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿದರಾಯ್ತು ಅಂದುಕೊಂಡಿದ್ದೆ.

ಹನ್ನೊಂದು ಗಂಟೆಗೆ ಹೋಗಿ ನೋಡಿದರೆ ಹೆಚ್ಚುಕಮ್ಮಿ ಎಲ್ಲರ ಬಿಪಿಯೂ ಸರಿ. ಆದರೆ ಅವರು ಬೀಳುತ್ತಿದ್ದದ್ದು ನಸುಕಿನಲ್ಲಿ, ಬಾತ್‌ರೂಮಿಗೆ ಎದ್ದಾಗ. ಹಾಗಾಗಿ ಐದೂವರೆಗೇ ಹೋಗತೊಡಗಿದೆ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಮೇಲೆ 1ನೇ ನಿಮಿಷಕ್ಕೆ, ಮತ್ತೆ 3ನೇ ನಿಮಿಷಕ್ಕೆ. ನಿಂತಾಗ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ, ಎದ್ದಾಗ ತಲೆಸುತ್ತಿ ಬೀಳಿಸಬಹುದಾದ ತೊಂದರೆ ಇದೆ ಅಂತ ಲೆಕ್ಕ. ಹಾಗೆ ಇಳಿದವರ ಮಾತ್ರೆ ಡಬ್ಬಿಯಲ್ಲಿ ಬಿಪಿಯದ್ದರ ಜೊತೆ ಪ್ರಾಸ್ಟೇಟಿನದ್ದೂ, ನಿದ್ದೆಯದ್ದೂ ಸಿಗುತ್ತಿತ್ತು. ಒಂದೊಂದನ್ನು ಬರೆದವರು ಒಬ್ಬೊಬ್ಬ ಡಾಕ್ಟರು.

ಒಪ್ಪಿಗೆ ಪತ್ರ ಮುಂದಿಟ್ಟಾಗ ಒಬ್ಬ ಅಜ್ಜಿ, "ಹೆಬ್ಬೆಟ್ಟು ಒತ್ತದಿದ್ರೆ ರೂಮು ಬಿಡಿಸ್ತಾರೇನಪ್ಪಾ?" ಅಂದರು. ಆಮೇಲೆ ಮ್ಯಾನೇಜರ್ ಎದುರು ಯಾರನ್ನೂ ಒಪ್ಪಿಗೆ ಕೇಳಲಿಲ್ಲ. ಸಾಕ್ಷಿಗೂ ಹೊರಗಿನವರನ್ನೇ ಕರೆದೆ. ಮರೆವು ಜಾಸ್ತಿ ಇದ್ದವರ ಪರವಾಗಿ ಮಕ್ಕಳು ಸಹಿ ಮಾಡಿದ್ದರು. ಆದರೂ ಆ ದಿನ ಅಜ್ಜ ಕೈ ಹಿಂದಕ್ಕೆಳೆದುಕೊಂಡರೆ, ಅವತ್ತು ಅಳತೆ ಇಲ್ಲ.

ನಿಜವಾದ ತಲೆನೋವು ರಿಜಿಸ್ಟರ್. ಮೂರು ತಿಂಗಳಲ್ಲಿ ಬಿದ್ದವರು ಇಬ್ಬರೇ ಅಂತ ಅದರಲ್ಲಿತ್ತು. ಮೊಣಕೈ ತರಚಿಕೊಂಡವರನ್ನು ನಾನೇ ಅದಕ್ಕಿಂತ ಜಾಸ್ತಿ ನೋಡಿದ್ದೆ! ಕೊನೆಗೆ ರಾತ್ರಿ ಪಾಳಿಯ ಆಯಾ ಬಾಯಿಬಿಟ್ಟರು: "ಬರೆದ್ರೆ ನಮಗೇ ಬೈಗುಳ ಸಾರ್." ಡ್ಯೂಟಿಯಲ್ಲಿದ್ದವರ ಹೆಸರು ಬರೆಯುವ ಕಾಲಂ ಅದರಲ್ಲಿತ್ತು, ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ರಿಜಿಸ್ಟರ್ ಬಿಟ್ಟು, ಆಯಾಗಳ ಕೋಣೆಯಲ್ಲಿ ಒಂದು ಗೋಡೆ ಕ್ಯಾಲೆಂಡರ್ ತೂಗುಹಾಕಿದೆವು. ಯಾರಾದರೂ ಬಿದ್ದರೆ ಆ ತಾರೀಖಿನ ಮೇಲೆ ಹಣೆಗಿಡುವ ಸ್ಟಿಕ್ಕರ್ ಅಂಟಿಸುವುದು, ಅಷ್ಟೇ. ಪೆಟ್ಟಾಗದೆ ಸುಮ್ನೆ ಕೆಳಗೆ ಕೂತುಬಿಟ್ಟರೂ ಲೆಕ್ಕಕ್ಕೆ ಬರುತ್ತದೆ. ಕೆಂಪು ಬಾತ್‌ರೂಮಿಗೆ, ಕಪ್ಪು ಮಂಚದ ಪಕ್ಕಕ್ಕೆ. ಈ ಬಣ್ಣದ ಉಪಾಯ ಆಯಾ ಅವರದ್ದೇ. ಯಾರು ಬಿದ್ದರು ಅನ್ನುವುದನ್ನು ಬೆಳಿಗ್ಗೆ ನಾನೇ ಕೇಳಿ ಬರೆದುಕೊಳ್ಳುತ್ತಿದ್ದೆ.

ತಿಂಗಳು ಮುಗಿಯುವಷ್ಟರಲ್ಲಿ ಪುಟ ಚುಕ್ಕಿ ಚುಕ್ಕಿ. ಮ್ಯಾನೇಜರ್ ಗಾಬರಿಯಾದರು. "ನೀವು ಬಂದ ಮೇಲೇ ಜಾಸ್ತಿ ಬೀಳ್ತಿದ್ದಾರಲ್ಲ ಡಾಕ್ಟ್ರೇ!" ಬೀಳುವುದು ಜಾಸ್ತಿಯಾಗಿಲ್ಲ, ಹೇಳುವುದು ಜಾಸ್ತಿಯಾಗಿದೆ ಅಂತ ಅವರಿಗೆ ತಿಳಿಸಿ ಹೇಳಲು ಎರಡು ಲೋಟ ಕಾಫಿ ಬೇಕಾಯಿತು. ಹಳೆಯ ರಿಜಿಸ್ಟರನ್ನು ಇದರ ಜೊತೆ ಹೋಲಿಸುವಂತೆಯೇ ಇರಲಿಲ್ಲ. ಆ ಮೂರು ತಿಂಗಳನ್ನು ಕೈಬಿಟ್ಟೆ. ಕಮಿಟಿಗೆ ಬದಲಾವಣೆಯ ಪತ್ರ ಬರೆದು, ಒಪ್ಪಿಗೆ ಬಂದ ಮೇಲೆ ಹೊಸ ಪುಟದಿಂದ ಎಣಿಕೆ ಶುರುಮಾಡಿದೆ.