ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ? ಪೌತಿ ಖಾತೆ ಮಾಡಿಸುವ ಕ್ರಮ

ತೋಟ ಮಾಡುವವರು ಮೊಮ್ಮಕ್ಕಳು, ಪಹಣಿಯಲ್ಲಿರುವುದು ಅಜ್ಜನ ಹೆಸರು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವ ಊರಿಗೆ ಹೋದರೂ ಇಂಥ ನಾಲ್ಕಾರು ಮನೆಗಳು ಸಿಗುತ್ತವೆ. ಮಂಡಿಗೆ ಅಡಿಕೆ ಹೋಗುತ್ತಿರುವವರೆಗೆ ಯಾರೂ ಪಹಣಿ ತೆಗೆದು ನೋಡುವುದಿಲ್ಲ. ಬೆಳೆಸಾಲ ಕೇಳಲು ಸಹಕಾರ ಸಂಘಕ್ಕೆ ಹೋದಾಗ, ಬೆಳೆ ವಿಮೆಗೆ ಹೆಸರು ಕೊಡುವಾಗ, ಅತಿವೃಷ್ಟಿ ಪರಿಹಾರಕ್ಕೆ ಅರ್ಜಿ ಹಾಕುವಾಗ ‘ಖಾತೆದಾರರು ಯಾರು?’ ಎಂಬ ಪ್ರಶ್ನೆ ಎದ್ದು ಎಲ್ಲವೂ ಅಲ್ಲೇ ನಿಲ್ಲುತ್ತದೆ. ಸರ್ಕಾರದ ರೈತ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆ ಪಹಣಿಗೆ ಜೋಡಣೆಯಾಗಬೇಕು. ಪಹಣಿಯಲ್ಲಿ ಇಲ್ಲದವರಿಗೆ ಜೋಡಿಸಲು ಏನೂ ಇರುವುದಿಲ್ಲ.

ಮೃತರ ಹೆಸರು ತೆಗೆದು ವಾರಸುದಾರರ ಹೆಸರು ಹಾಕಿಸುವುದೇ ಪೌತಿ ಖಾತೆ. ಅದನ್ನು ಮುಂದೂಡಲು ಮನೆಗಳಲ್ಲಿ ಹೇಳುವ ಕಾರಣ ಒಂದೇ: ‘ಪಾಲು ಇನ್ನೂ ಆಗಿಲ್ಲ.’ ಪೌತಿ ಬೇರೆ, ಪಾಲು ಬೇರೆ. ಪೌತಿಯಲ್ಲಿ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಬರುತ್ತದೆ, ಯಾರ ಪಾಲೂ ಅದರಿಂದ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ಅಣ್ಣತಮ್ಮಂದಿರ ನಡುವೆ ಮಾತಿಲ್ಲದಿದ್ದರೂ ಜಂಟಿ ಪೌತಿ ಮಾಡಿಸಲು ಅಡ್ಡಿಯಿಲ್ಲ. ಜಗಳವಿರುವ ಮನೆಯಲ್ಲೇ ಅದು ಬೇಗ ಆಗಬೇಕು. ಇನ್ನೊಬ್ಬರ ಸಾವಾದರೆ ಹೆಸರುಗಳ ಪಟ್ಟಿ ಇಮ್ಮಡಿಯಾಗುತ್ತದೆ, ಸಹಿ ಹಾಕಬೇಕಾದವರು ಬೆಂಗಳೂರು, ಮುಂಬೈಗೆ ಚದುರಿಹೋಗಿರುತ್ತಾರೆ.

ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 128ನೇ ಕಲಂ ಪ್ರಕಾರ ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ಅದನ್ನು ಗ್ರಾಮದ ಕಂದಾಯ ಅಧಿಕಾರಿಗೆ ವರದಿ ಮಾಡಬೇಕು. ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಅದಕ್ಕೆ ಅವರು ಲಿಖಿತ ಸ್ವೀಕೃತಿ ಕೊಡಬೇಕು. ಮೂರು ತಿಂಗಳಲ್ಲ, ಮೂವತ್ತು ವರ್ಷ ಕಳೆದಿದ್ದರೂ ಹಕ್ಕು ಹೋಗುವುದಿಲ್ಲ. ಹಕ್ಕು ಹುಟ್ಟುವುದು ಸಾವಿನ ದಿನ, ಖಾತೆಯಾದ ದಿನವಲ್ಲ.

ಮೊದಲು ಪಹಣಿ ಓದಿ

ಹೊಸ ಪಹಣಿ ತೆಗೆಸಿ ಐದು ಕಡೆ ಕಣ್ಣು ಹಾಯಿಸಿ. 3ನೇ ಕಾಲಂನಲ್ಲಿ ವಿಸ್ತೀರ್ಣ ಮತ್ತು ಖರಾಬು (ಸಾಗುವಳಿಗೆ ಬಾರದ ಭಾಗ) ಇರುತ್ತದೆ. 9ರಲ್ಲಿ ಖಾತೆದಾರರ ಹೆಸರು, ವಿಸ್ತೀರ್ಣ, ಖಾತೆ ಸಂಖ್ಯೆ. 10ರಲ್ಲಿ ಜಮೀನು ಅವರಿಗೆ ಹೇಗೆ ಬಂತು ಎಂಬ ವಿವರ, ಮ್ಯುಟೇಶನ್ (ಹಕ್ಕು ಬದಲಾವಣೆಯ ನಮೂದು) ಸಂಖ್ಯೆ. 11ರಲ್ಲಿ ಸಾಲ ಮತ್ತು ಇತರ ಹೊಣೆಗಳು. 12ನೇ ಕಾಲಂನಲ್ಲಿರುವುದು ಸಾಗುವಳಿ ಮತ್ತು ಬೆಳೆ ವಿವರ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ.

10ನೇ ಕಾಲಂ ಮುಖ್ಯ. ಜಮೀನು ಕ್ರಯಕ್ಕೆ ಬಂದದ್ದೋ, ಪಿತ್ರಾರ್ಜಿತವೋ, ಗೇಣಿ ಹಕ್ಕಿನಿಂದ ಬಂದದ್ದೋ, ಸರ್ಕಾರ ಮಂಜೂರು ಮಾಡಿದ್ದೋ ಎಂಬ ಎಳೆ ಅಲ್ಲಿದೆ. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ಶಿವಮೊಗ್ಗ ಜಿಲ್ಲೆಯಿದು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ನಮೂನೆ 7ರ ಅರ್ಜಿ ಹಾಕಿ ಅಧಿಭೋಗದ ಹಕ್ಕು (ಗೇಣಿದಾರರಿಗೇ ಒಡೆತನ) ಪಡೆದ ಜಮೀನು ಇಲ್ಲಿ ಬಹಳ. ಅರ್ಜಿಗೆ ಸಹಿ ಹಾಕಿದವರು ಹಿರಿಯಣ್ಣ ಒಬ್ಬರೇ ಆಗಿರುತ್ತಾರೆ, ಗೇಣಿ ಮಾಡುತ್ತಿದ್ದದ್ದು ಇಡೀ ಕುಟುಂಬ. ಕುಟುಂಬದ ಪರವಾಗಿ ಹಾಕಿದ ಅರ್ಜಿ ಎಂದು ಸಾಬೀತಾದರೆ ತಮ್ಮಂದಿರ ಕವಲಿಗೂ ಅದರಲ್ಲಿ ಹಕ್ಕಿದೆ. ಆದರೆ ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ನಾಡಕಚೇರಿಯಲ್ಲಿ ಆ ವಾದ ಹೂಡಿ ಪ್ರಯೋಜನವಿಲ್ಲ. ಹಾಗೆಯೇ, ಮಂಜೂರಾತಿ ಜಮೀನಿನ ಮೇಲೆ ಪರಭಾರೆ ನಿಷೇಧದ ಷರತ್ತಿದ್ದರೂ ಪೌತಿಗೆ ಅದು ಅಡ್ಡ ಬರುವುದಿಲ್ಲ; ವಾರಸಿನಿಂದ ಬರುವುದು ಮಾರಾಟವಲ್ಲ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ ಅದರ ವರ್ಗಾವಣೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿಯೂ ಕುಟುಂಬದೊಳಗಿನ ವಿಭಾಗ ‘ವರ್ಗಾವಣೆ’ಯ ವ್ಯಾಖ್ಯೆಯಿಂದ ಹೊರಗೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಹಕ್ಕುಪತ್ರವೂ ವಾರಸಿಗೆ ಬರುತ್ತದೆ, ಮಾರಲು ಬರುವುದಿಲ್ಲ. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳದ್ದು ಬೇರೆಯೇ ಪಾಡು: ದಶಕಗಳಿಂದ ಉಳುತ್ತಿದ್ದರೂ ದಾಖಲೆಯಲ್ಲಿ ಅದು ಅರಣ್ಯ. ಖಾತೆಯೇ ಇಲ್ಲದ ಕಡೆ ಪೌತಿಯ ಪ್ರಶ್ನೆ ಬರುವುದಿಲ್ಲ, ಅವರ ಹೋರಾಟ ಹಕ್ಕುಪತ್ರದ್ದು.

ಮರಣ ಪ್ರಮಾಣಪತ್ರ ಎಲ್ಲಿ ಹುಡುಕಬೇಕು?

ಕಡತ ಹೆಚ್ಚು ಸಲ ನಿಲ್ಲುವುದು ಇಲ್ಲಿ. ಮರಣ ನೋಂದಣಿಯಾಗುವುದು ಸಾವು ಸಂಭವಿಸಿದ ಸ್ಥಳದಲ್ಲಿ, ಮನೆಯಿರುವ ಊರಿನಲ್ಲಲ್ಲ. ಮಲೆನಾಡಿನ ರೋಗಿಗಳನ್ನು ಕೊನೆಗೆ ಒಯ್ಯುವುದು ಶಿವಮೊಗ್ಗದ ಮೆಗ್ಗಾನ್‌ಗೆ, ಇಲ್ಲವೇ ಘಟ್ಟ ಇಳಿದು ಮಣಿಪಾಲಕ್ಕೆ. ತಾಲ್ಲೂಕಿನಲ್ಲಿ ಹುಡುಕಿ ‘ದಾಖಲೆ ಇಲ್ಲ’ ಎಂದು ಕೈಚೆಲ್ಲುವ ಮೊದಲು ಆಸ್ಪತ್ರೆ ಇರುವ ಊರಿನ ನೋಂದಣಿ ಕಚೇರಿಯಲ್ಲಿ ವಿಚಾರಿಸಿ.

ನೋಂದಣಿಯೇ ಆಗಿಲ್ಲದಿದ್ದರೆ ಕಾಲದ ಲೆಕ್ಕ ಹೀಗಿದೆ: 21 ದಿನದೊಳಗೆ ಸಲೀಸು. 30 ದಿನದವರೆಗೆ ತಡ ಶುಲ್ಕ. ಒಂದು ವರ್ಷದೊಳಗೆ ನಿಗದಿತ ಅಧಿಕಾರಿಯ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಇದು ಮೊದಲು ನ್ಯಾಯಾಂಗ ಮ್ಯಾಜಿಸ್ಟ್ರೇಟರ ಕೆಲಸವಾಗಿತ್ತು. 2023ರ ಕೇಂದ್ರ ತಿದ್ದುಪಡಿ ಅದನ್ನು ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿಗೆ, ಇಲ್ಲವೇ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವಹಿಸಿದೆ. ಅಜ್ಜನ ಕಾಲದ ಸಾವಿಗೆ ಪುರಾವೆಯಾಗಿ ಹಳೆಯ ಪಡಿತರ ಚೀಟಿ, ಮತದಾರರ ಪಟ್ಟಿ, ಸೊಸೈಟಿಯ ಷೇರು ದಾಖಲೆ, ಊರಿನ ಹಿರಿಯರ ಹೇಳಿಕೆ ಒಟ್ಟುಮಾಡಿಟ್ಟುಕೊಳ್ಳಿ.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳು

ಪೌತಿ ಕೆಡುವುದು ಹೆಚ್ಚಾಗಿ ವಂಶವೃಕ್ಷದಲ್ಲಿ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಟ್ಟು ಗಂಡುಮಕ್ಕಳನ್ನು ಮಾತ್ರ ಬರೆಯುವ ಚಾಳಿ ಇನ್ನೂ ಹೋಗಿಲ್ಲ. ‘ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಎಂಬುದು ಕಾನೂನಿನ ಉತ್ತರವಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನೂ ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಆ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದು ಉಳಿಯುತ್ತದೆ. ಆಗಲೇ ಬಾಯಿಮಾತಿನ ಪಾಲಾಗಿತ್ತು ಎನ್ನುವವರು ಅದಕ್ಕೆ ತಕ್ಕ ಸರ್ಕಾರಿ ದಾಖಲೆ ತೋರಿಸಬೇಕು, ಅದೂ ಅಪರೂಪಕ್ಕೆ ಒಪ್ಪಿತವಾಗುತ್ತದೆ.

ಹಿಂದೂ ಕುಟುಂಬದಲ್ಲಿ ತಂದೆಯ ಸ್ವಯಾರ್ಜಿತಕ್ಕೆ, ವಿಲ್ ಇಲ್ಲದಿದ್ದಲ್ಲಿ, ಲೆಕ್ಕ ಸುಲಭ. 2 ಎಕರೆ 10 ಗುಂಟೆ, ಅಂದರೆ 90 ಗುಂಟೆ ತೋಟ ಎಂದುಕೊಳ್ಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು: ಐದು ಪಾಲು, ತಲಾ 18 ಗುಂಟೆ. ಸತ್ತವರ ತಾಯಿ ಬದುಕಿದ್ದರೆ ಅವರೂ ಮೊದಲ ವರ್ಗದ ವಾರಸುದಾರರು: ಆರು ಪಾಲು, ತಲಾ 15 ಗುಂಟೆ. ಮೂಲೆಯ ಕೋಣೆಯಲ್ಲಿರುವ ಅಜ್ಜಿಯನ್ನು ಮರೆಯುವವರೇ ಜಾಸ್ತಿ. ತಂದೆಗಿಂತ ಮೊದಲೇ ತೀರಿಕೊಂಡ ಮಗನಿದ್ದರೆ ಅವನ ಪಾಲಿಗೆ ಅವನ ಹೆಂಡತಿ ಮಕ್ಕಳು ಬರುತ್ತಾರೆ. ತೀರಿಕೊಂಡ ಮಗಳಾದರೆ ಅವಳ ಮಕ್ಕಳು. ಪಿತ್ರಾರ್ಜಿತಕ್ಕೆ ಮಕ್ಕಳ ಹುಟ್ಟಿನ ಹಕ್ಕು ಮೊದಲು ಸೇರುವುದರಿಂದ ಲೆಕ್ಕ ಬದಲಾಗುತ್ತದೆ, ಅದನ್ನು ವಕೀಲರ ಹತ್ತಿರ ಬರೆಸಿಕೊಳ್ಳುವುದು ಲೇಸು. ಮುಸ್ಲಿಂ ಕುಟುಂಬಗಳಿಗೆ ಶರೀಯತ್‌ನ ಪಾಲು, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅರ್ಜಿಯ ಕ್ರಮ ಎಲ್ಲರಿಗೂ ಒಂದೇ.

ತಂಗಿಗೆ ನಿಜಕ್ಕೂ ಪಾಲು ಬೇಡವೆಂದರೆ ಅವಳು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ ‘ಒಪ್ಪಿಗೆ ಪತ್ರ’ದಿಂದ ಹಕ್ಕು ಹೋಗುವುದಿಲ್ಲ. ಅವಳನ್ನು ಮುಚ್ಚಿಟ್ಟು ಖಾತೆ ಮಾಡಿಸಿದರೆ ಆಗುವುದಿಷ್ಟು: ಜಮೀನು ಮಾರಿದರೂ ಮಾರಿದವನ ಪಾಲು ಮಾತ್ರ ಹೋಗುತ್ತದೆ, ಅವಳು ದಾವೆ ಹಾಕಿದ ದಿನ ಕೊಂಡವನು ನಿಮ್ಮ ಬಾಗಿಲಿಗೆ ಬರುತ್ತಾನೆ. ಸುಳ್ಳು ಪ್ರಮಾಣಪತ್ರ ಕೊಟ್ಟದ್ದಕ್ಕೆ ಕ್ರಿಮಿನಲ್ ಪ್ರಕರಣ ಬೇರೆ.

ಅರ್ಜಿಯಿಂದ ಎಂಆರ್‌ವರೆಗೆ

ಅರ್ಜಿ ಕೊಡುವುದು ಹೋಬಳಿಯ ನಾಡಕಚೇರಿಯಲ್ಲಿ. ಜೊತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಅದಕ್ಕೊಂದು ನೋಟರಿ ಪ್ರಮಾಣಪತ್ರ, ಪಹಣಿ, ಎಲ್ಲ ವಾರಸುದಾರರ ಆಧಾರ್ ಪ್ರತಿ. ಸರ್ಕಾರದ ಇ-ಪೌತಿ ಆಂದೋಲನದಲ್ಲಿ ಗ್ರಾಮ ಆಡಳಿತ ಅಧಿಕಾರಿ, ಊರಿನ ಬಾಯಲ್ಲಿ ಇವತ್ತಿಗೂ ಶಾನುಭೋಗರು, ಮನೆಗೇ ಬಂದರೆ ಅದೇ ಕಾಗದಗಳನ್ನು ಅವರಿಗೇ ಕೊಡಬಹುದು.

ಹೆಸರಿನ ವ್ಯತ್ಯಾಸವನ್ನು ಅರ್ಜಿಗೆ ಮೊದಲೇ ಸರಿಮಾಡಿ. ಪಹಣಿಯಲ್ಲಿ ‘ಮಂಜಪ್ಪ ಬಿನ್ ತಿಮ್ಮಪ್ಪ’, ಮರಣ ಪತ್ರದಲ್ಲಿ ‘ಮಂಜುನಾಥ ಟಿ.’ ಎಂದಿದ್ದರೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರ, ಅದಕ್ಕೆ ಬೆಂಬಲವಾಗಿ ಎರಡೂ ಹೆಸರಿಗೆ ನಂಟು ತೋರಿಸುವ ಒಂದು ಹಳೆಯ ದಾಖಲೆ ಬೇಕು. ಎರಡು ತಲೆಮಾರು ದಾಟಿದ್ದರೆ ಅಜ್ಜನಿಂದಲೇ ಶುರುಮಾಡಿ ಎಲ್ಲ ಕವಲುಗಳನ್ನೂ ಬರೆಯಿರಿ. ನಿಮ್ಮ ಅಪ್ಪನ ಕವಲನ್ನು ಮಾತ್ರ ಬರೆದರೆ ಚಿಕ್ಕಪ್ಪನ ಮಕ್ಕಳ ತಕರಾರು ಖಂಡಿತ.

ಅರ್ಜಿಗೆ ಸಕಾಲ ಸಂಖ್ಯೆ ಸಿಗುತ್ತದೆ, ಬರೆದಿಟ್ಟುಕೊಳ್ಳಿ. 2011ರ ಸಕಾಲ ಕಾಯ್ದೆಯಂತೆ ನಿಗದಿತ ಅವಧಿ ಮೀರಿದರೆ ದಿನಕ್ಕೆ ₹20, ಗರಿಷ್ಠ ₹500 ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಮೇಲ್ಮನವಿ ಬಿದ್ದರೆ ಕಡತ ಅಲುಗುತ್ತದೆ. ‘ಆಗುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಕಳಿಸಿದರೆ ಹಿಂಬರಹ ಕೇಳಿ. ಕಾರಣ ಬರವಣಿಗೆಯಲ್ಲಿ ಬಂದರೆ ತಾನೇ ಅದನ್ನು ಪ್ರಶ್ನಿಸಲು ಸಾಧ್ಯ.

ಭೂ ಕಂದಾಯ ಕಾಯ್ದೆಯ 129ನೇ ಕಲಂ ಪ್ರಕಾರ ಮುಂದೆ ನೋಟಿಸ್ ಹೊರಡುತ್ತದೆ. ಅವಧಿಯೊಳಗೆ ಆಕ್ಷೇಪಣೆ ಬರದಿದ್ದರೆ ರಾಜಸ್ವ ನಿರೀಕ್ಷಕರು ಮ್ಯುಟೇಶನ್ ದೃಢೀಕರಿಸುತ್ತಾರೆ, ಎಂಆರ್ (ಮ್ಯುಟೇಶನ್ ರಿಜಿಸ್ಟರ್) ಸಂಖ್ಯೆಯೊಂದಿಗೆ ಹೊಸ ಹೆಸರುಗಳು ಪಹಣಿಗೆ ಬರುತ್ತವೆ. ತಕರಾರು ಬಂದರೆ ಅದು ವಿವಾದ ವಹಿಗೆ ಹೋಗಿ ವಿಚಾರಣೆಯಾಗುತ್ತದೆ. ಆ ಆದೇಶದ ಮೇಲೆ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ: ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲಿ, ಸಾಗರ, ಸೊರಬ, ಹೊಸನಗರ, ಶಿಕಾರಿಪುರದವರಿಗೆ ಸಾಗರದಲ್ಲಿ. ಅದರ ಮೇಲೆ ಜಿಲ್ಲಾಧಿಕಾರಿಗೆ ಪುನರ್ ಪರಿಶೀಲನಾ ಅರ್ಜಿ. ಒಬ್ಬರು ವಿಲ್ ತೋರಿಸಿ ಇನ್ನೊಬ್ಬರು ಅದು ಖೋಟಾ ಎಂದರೆ ಈ ಮೆಟ್ಟಿಲುಗಳನ್ನೆಲ್ಲ ಹತ್ತುವುದು ದಂಡ. ವಿಲ್‌ನ ಸತ್ಯಾಸತ್ಯತೆ, ಮಾಲೀಕತ್ವ ತೀರ್ಮಾನಿಸುವ ಅಧಿಕಾರ ಕಂದಾಯ ಅಧಿಕಾರಿಗಳಿಗಿಲ್ಲ, ನೇರ ಸಿವಿಲ್ ನ್ಯಾಯಾಲಯಕ್ಕೆ ಹೋಗಿ. ಪಹಣಿಯ ನಮೂದು ನಿಜವೆಂದು ಕಾನೂನು ಭಾವಿಸುತ್ತದೆ, ಆದರೆ ಸುಳ್ಳೆಂದು ತೋರಿಸುವವರೆಗೆ ಮಾತ್ರ. ತನ್ನನ್ನು ಹೊರಗಿಟ್ಟದ್ದು ಗೊತ್ತಾದವರು ವರ್ಷಗಟ್ಟಲೆ ಕಾಯಬಾರದು. ಕುಟುಂಬದ ಆಸ್ತಿಯಿಂದ ಹೊರಗಿಟ್ಟವರ ದಾವೆಗೆ, ವಿಷಯ ತಿಳಿದಂದಿನಿಂದ 12 ವರ್ಷದ ಮಿತಿಯಿದೆ.

ಪಾಲು ಮಾಡುವಾಗ ಗುಂಟೆ, ಮರ, ಬೆಟ್ಟ

ಜಂಟಿ ಖಾತೆ ಆದಮೇಲೆ ಪಾಲಿನ ಕೆಲಸ. ಒಂದೇ ಸರ್ವೆ ನಂಬರನ್ನು ತುಂಡು ಮಾಡುವುದಾದರೆ ಮೊದಲು 11ಇ ನಕ್ಷೆ (ತುಂಡುಗಳ ಗಡಿ ತೋರಿಸುವ ಸರ್ವೆ ನಕ್ಷೆ), ನಂತರ ಉಪನೋಂದಣಿ ಕಚೇರಿಯಲ್ಲಿ ವಿಭಾಗ ಪತ್ರ, ಆಮೇಲೆ ಪೋಡಿಯಾಗಿ (ಸರ್ವೆ ದಾಖಲೆಯಲ್ಲಿ ತುಂಡುಗಳು ಬೇರೆಯಾಗಿ) ಪ್ರತಿ ತುಂಡಿಗೂ ಹೊಸ ಹಿಸ್ಸಾ ನಂಬರು.

ಇಲ್ಲಿ ಮಲೆನಾಡಿಗೇ ವಿಶಿಷ್ಟವಾದ ತೊಡಕೊಂದಿದೆ. ಊರಿನವರು ತೋಟ ಹಂಚುವುದು ಮರದ ಲೆಕ್ಕದಲ್ಲಿ, ಭೂಮಾಪಕರು ಅಳೆಯುವುದು ಗುಂಟೆಯಲ್ಲಿ. ಕಣಿವೆಯ ತಳದ ಹಳೆ ಮರದ ಭಾಗಕ್ಕೂ ದರೆಯಂಚಿನ ಸಸಿ ತೋಟಕ್ಕೂ ಗುಂಟೆ ಒಂದೇ, ಫಸಲು ಬೇರೆ. ಮೊದಲು ಬಸಿಗಾಲುವೆಯ ಗುಂಟ ಗಡಿ ಒಪ್ಪಿಕೊಂಡು ಗೂಟ ಹೊಡೆಯಿರಿ, ಆಮೇಲೆ ಭೂಮಾಪಕರು ಆ ಗೂಟವನ್ನೇ ಅಳೆಯಲಿ. ನಕ್ಷೆ ಮೊದಲು ಮಾಡಿಸಿ, ಮರ ಆಮೇಲೆ ಎಣಿಸಿದರೆ ಗಡಿಯ ಮೇಲಿನ ಹತ್ತು ಮರಕ್ಕೆ ಹತ್ತು ವರ್ಷ ಮಾತು ಬಿಡುತ್ತಾರೆ. ಕೆರೆಯ ನೀರಿನ ಸರದಿ, ಅಡಿಕೆ ಹೊರುವ ದಾರಿ, ಒಣಗಿಸುವ ಅಂಗಳ, ಪಂಪ್‌ಸೆಟ್ ಯಾರಿಗೆ ಎಂಬುದನ್ನು ಪತ್ರದಲ್ಲೇ ಬರೆಯಿಸಿ.

ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟವನ್ನು ಮಾತ್ರ ಗುಂಟೆ ಲೆಕ್ಕದಲ್ಲಿ ಪಾಲು ಮಾಡಿ ಬರೆಯಲು ಹೋಗಬೇಡಿ. ಭೂ ಕಂದಾಯ ಕಾಯ್ದೆಯ 79ನೇ ಕಲಂ ಹಳೆ ಮೈಸೂರು ಪ್ರದೇಶದ ಕಾನು ಮತ್ತು ಸೊಪ್ಪಿನಬೆಟ್ಟಗಳಲ್ಲಿ ಉಳಿಸಿರುವುದು ಸವಲತ್ತನ್ನು, ಮಾಲೀಕತ್ವವನ್ನಲ್ಲ. ತೋಟ ಯಾರದೋ ಸವಲತ್ತೂ ಅವರದು. ಸೊಪ್ಪು ಯಾರು ಯಾವ ಭಾಗದಲ್ಲಿ ತರಬೇಕು ಎಂಬ ಒಳಒಪ್ಪಂದ ಮನೆಯೊಳಗೆ ನಡೆಯುತ್ತದೆ, ಸರ್ಕಾರವನ್ನು ಕಟ್ಟಿಹಾಕುವುದಿಲ್ಲ.

ಹೊಸ ಪಹಣಿ ಕೈಗೆ ಬಂದ ವಾರವೇ ಮಾಡಬೇಕಾದ ಬಿಡಿ ಕೆಲಸಗಳಿವೆ. 11ನೇ ಕಾಲಂನಲ್ಲಿ ಮೃತರ ಸಾಲ ಉಳಿದಿದ್ದರೆ ಸಂಘದಲ್ಲಿ ವಿಚಾರಿಸಿ. ವಾರಸುದಾರರ ಹೊಣೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಸಂಘದ ಷೇರಿಗೆ ನಾಮಿನಿ ಆಗಿರುವವರು ಹಣ ಪಡೆಯಬಹುದು, ಒಡೆಯರಾಗುವುದಿಲ್ಲ. ಫ್ರೂಟ್ಸ್‌ನಲ್ಲಿ ಸರ್ವೆ ನಂಬರು ಸೇರಿಸಿ. ಪಂಪ್‌ಸೆಟ್‌ನ ಆರ್‌ಆರ್ ಸಂಖ್ಯೆಯ (ವಿದ್ಯುತ್ ಸಂಪರ್ಕದ ಸಂಖ್ಯೆ) ಹೆಸರು ಬದಲಾವಣೆಗೆ ವಿದ್ಯುತ್ ಕಂಪನಿ ಮೆಸ್ಕಾಂಗೆ ಬೇರೆ ಅರ್ಜಿ. ಮನೆಯ ಖಾತೆ ಗ್ರಾಮ ಪಂಚಾಯಿತಿಯದು, ತೋಟದ ಪೌತಿಯಿಂದ ಅದು ತಾನಾಗಿ ಬದಲಾಗುವುದಿಲ್ಲ. ಅದೇ ಮರಣ ಪತ್ರ, ವಂಶವೃಕ್ಷದ ಇನ್ನೊಂದು ಪ್ರತಿ ಹಿಡಿದು ಅಲ್ಲಿಗೂ ಹೋಗಬೇಕು.